ನಾನು ನೋಡದ ಒಂದು ಇಳಿತ

ಹೋದ ಭಾನುವಾರ ಮಗಳ ಹುಟ್ಟುಹಬ್ಬದ ಮೇಣದಬತ್ತಿ ಮೇಜಿನ ಬಟ್ಟೆಯ ಮೇಲೆ ಕರಗಿ ಹರಡಿತ್ತು. ಕಲೆಯ ಮೇಲೆ ಕಂದು ಕಾಗದ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಮೇಣವನ್ನೆಲ್ಲ ಕಾಗದ ಹೀರಿಕೊಳ್ಳುತ್ತದೆ. ಹಾಗೇ ಒತ್ತಿದೆ. ಬಿಸಿ ಕಬ್ಬಿಣದ ಕೆಳಗೆ ಕರಗುವ ಮೇಣದ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆಯ ಅಪಾರ್ಟ್‌ಮೆಂಟಿನ ಹಿಂದೆ, ಕಾರು ನಿಲ್ಲಿಸುವ ಚಪ್ಪರದಡಿ ನಿಂತಿದ್ದೆ. ಎರಡು ಕುರ್ಚಿಗಳ ಮೇಲೆ ಅಡ್ಡಲಾಗಿ ಮಲಗಿಸಿದ, ಹಿಮದ ಮೇಲೆ ಜಾರುವ ಸ್ಕೀ ಹಲಗೆ. ಅದರ ತಳಕ್ಕೆ ಇಸ್ತ್ರಿಪೆಟ್ಟಿಗೆಯಿಂದ ಮೇಣ ಸವರುತ್ತಿದ್ದ ಆಪಾ. ಅವರ ಕೈ ಎಷ್ಟು ನಿಧಾನವಾಗಿ ಚಲಿಸುತ್ತಿತ್ತೆಂದರೆ… ರೇಷ್ಮೆ ಸೀರೆಗೆ ಇಸ್ತ್ರಿ ಮಾಡುತ್ತಿದ್ದಾರೆ ಎನ್ನಬೇಕು.

ಆಪಾ ಅಂದರೆ ಅಕ್ಕ. ನನಗೇನೂ ಸಂಬಂಧವಿರಲಿಲ್ಲ. ಒಂದು ಬಯೋಟೆಕ್ ಲ್ಯಾಬಿನಲ್ಲಿ ಅವರು ನನ್ನ ಹಿರಿಯ ಸಹೋದ್ಯೋಗಿ. ಊರು ಬಿಜಾಪುರ, ವಯಸ್ಸು ನಲವತ್ತಾರು, ಮದುವೆಯಾಗಿರಲಿಲ್ಲ. ನಾನು ಮೈಸೂರಿನವಳು, ನನಗೆ ಇಪ್ಪತ್ತೈದು. ಆ ಮಹಡಿಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಅವರ ಕನ್ನಡ ನನಗೆ ಪೂರ್ತಿ ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ನನ್ನ ಕನ್ನಡವನ್ನು ಅವರು ಅಣಕಿಸುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಲ್ಯಾಬಿನ ನೋಟ್‌ಬುಕ್ಕಿಗೆ ಒಂದು ಶಿಸ್ತು ಇರುತ್ತದೆ. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು. ದಿನದ ಪುಟಕ್ಕೆ ಇನ್ನೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಆಪಾ ಒಂದು ಪುಟ ಚಾಚಿದರು. ಹಿರಿಯರು ಕೇಳಿದ್ದಾರೆಂದು ನಾನು ಓದದೆ ಸಹಿ ಹಾಕಿಬಿಟ್ಟೆ.

“ನೀ ನೋಡಿದ್ದೇನ ಇದನ್ನ?” ಎಂದು ಕೇಳಿದರು.

“ಇಲ್ಲ ಆಪಾ, ನೀವೇ ಬರ್ದಿದ್ದೀರಲ್ಲ ಅಂತ…”

“ನಾ ಬರದೀನಿ ಅಂತ ಖರೇ ಆಗ್ತದೇನು? ನೋಡಲಾರದ್ದಕ್ಕ ಸಾಕ್ಷಿ ಆಗಬಾರದು ತಂಗಿ. ಗೆರಿ ಹೊಡಿ, ಮೊದಲ ಓದು.”

ಆ ಪುಟದಲ್ಲಿ ಗೆರೆ ಹೊಡೆದ ನನ್ನ ಸಹಿ ಹಾಗೇ ಉಳಿಯಿತು. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಇತ್ತು. ತಾರೀಖು, ಬಸ್ಸು ಬಂದ ಹೊತ್ತು, ಓದಿದ ಪುಟಗಳು, ಹೀಗೆ ಎಲ್ಲಕ್ಕೂ ಎಣಿಕೆ. ಅಂದಿನಿಂದ ಅದನ್ನೂ ಪೆನ್ನಿನಲ್ಲೇ ಬರೆಯತೊಡಗಿದೆ.

ಸ್ಕೀಯಿಂಗ್ ಆಪಾಗೆ ಮೂವತ್ತೇಳರ ನಂತರ ಅಂಟಿದ ಹುಚ್ಚು. ಯಾರೋ ಸಹೋದ್ಯೋಗಿಗಳು ಒಮ್ಮೆ ಕರೆದುಕೊಂಡು ಹೋಗಿದ್ದರಂತೆ. ಉಳಿದವರು ಮರುವರ್ಷ ಬಿಟ್ಟರು, ಇವರು ಬಿಡಲಿಲ್ಲ. ಬೇ ಬ್ರಿಜ್ ದಾಟಿ, ಫ್ರೀವೇ ಹಿಡಿದು, ನಾಲ್ಕು ತಾಸು ಹೋದರೆ ಸಿಗುತ್ತಿದ್ದ ಒಂದು ಸಣ್ಣ ರೆಸಾರ್ಟು. ದೊಡ್ಡ ಹೆಸರೇನೂ ಇರಲಿಲ್ಲ. ನಾವು ಅದನ್ನು ‘ನಮ್ಮ ಗುಡ್ಡ’ ಎನ್ನುತ್ತಿದ್ದೆವು. ಶನಿವಾರ ಅದರ ಒಂದು ಮಗ್ಗುಲಿಗೆ ರಾತ್ರಿ ಒಂಬತ್ತರವರೆಗೆ ದೀಪ ಹಾಕುತ್ತಿದ್ದರು. ದೀಪದ ಕಂಬಗಳು ಹನ್ನೆರಡು. ಮೇಲಿನಿಂದ ಕೆಳಗೆ ಎರಡು ಸಲ ಎಣಿಸಿ ಬರೆದಿಟ್ಟಿದ್ದೇನೆ.

ಆ ಮಗ್ಗುಲಲ್ಲಿ ಎರಡು ದಾರಿಗಳಿದ್ದವು. ಒಂದು ಯಂತ್ರದಿಂದ ಸಪಾಟು ಮಾಡಿದ್ದು, ನನ್ನಂಥವರಿಗೆ. ಇನ್ನೊಂದನ್ನು ಹಾಗೇ ಬಿಟ್ಟಿರುತ್ತಿದ್ದರು. ನೂರಾರು ಜನ ತಿರುಗಿ ತಿರುಗಿ ಇಳಿದು ಅಲ್ಲಿ ಹಿಮ ಗುಡ್ಡೆಗಟ್ಟಿ, ನಡುನಡುವೆ ಹಳ್ಳ ಬಿದ್ದು, ಇಡೀ ಇಳಿಜಾರು ಬೋರಲು ಹಾಕಿದ ಗುಡಾಣಗಳ ಸಾಲಿನಂತೆ ಕಾಣುತ್ತಿತ್ತು. ಆ ಉಬ್ಬುಗಳಿಗೆ ಅಲ್ಲಿ ಮೊಗಲ್ ಎನ್ನುತ್ತಾರೆ. ಆಪಾ ಮೊದಲ ದಿನವೇ ನನಗೆ ಪರಿಚಯ ಮಾಡಿಸಿದ್ದು ಹೀಗೆ: “ನಮ್ಮೂರಿಗೆ ಮೊಗಲರು ಬಂದು ಹೋದ ಮ್ಯಾಲೆ ಉಳದದ್ದು ಗೋಡಿ ಅಷ್ಟ. ಈ ಮೊಗಲ್‌ಗೋಳು ನನ್ನ ಮೊಣಕಾಲಿನ್ಯಾಗ ಏನ್ ಉಳಸ್ತಾವ ನೋಡೂಣು.”

ಮಾತು ತಮಾಷೆಯದಾದರೂ ಮೊಣಕಾಲಿನ ವಿಷಯ ತಮಾಷೆಯಾಗಿರಲಿಲ್ಲ. ಎಡ ಮೊಣಕಾಲು ಸವೆದಿತ್ತು. ಆ ವರ್ಷದ, ಎಂದರೆ ಎರಡು ಸಾವಿರದ ಒಂದರ, ಜನವರಿಯಲ್ಲಿ ಡಾಕ್ಟರು ಖಚಿತವಾಗಿ ಹೇಳಿದ್ದರು: ಮೇ ತಿಂಗಳಲ್ಲಿ ಆಪರೇಷನ್, ಆಮೇಲೆ ಉಬ್ಬಿನ ಕಡೆ ತಲೆಯಿಟ್ಟೂ ಮಲಗಬಾರದು. ಆಪಾಗೆ ಉಳಿದಿದ್ದು ಆ ಒಂದು ಚಳಿಗಾಲ. ಆಸೆ ಒಂದೇ. ದೀಪದ ಬೆಳಕಿನಲ್ಲಿ, ಮೊದಲ ಕಂಬದಿಂದ ಹನ್ನೆರಡನೆಯದರವರೆಗೆ, ಒಮ್ಮೆಯೂ ಬೀಳದೆ ಇಳಿಯಬೇಕು. ಒಂಬತ್ತು ವರ್ಷದಲ್ಲಿ ಅದು ಒಮ್ಮೆಯೂ ಆಗಿರಲಿಲ್ಲ.

ಎಣಿಸುವ ಕೆಲಸ ನನ್ನದಾಯಿತು. ತಂತಿಗೆ ತೂಗುವ ಕುರ್ಚಿಗಳ ಲಿಫ್ಟಿನಲ್ಲಿ ಇಬ್ಬರೂ ಮೇಲೆ ಹೋಗುತ್ತಿದ್ದೆವು. ನಾನು ಸಪಾಟು ದಾರಿಯಲ್ಲಿ ಮೊದಲು ಇಳಿದು, ಕೆಳಗೆ ನಿಂತು, ಹಿಂದಿನ ಇಳಿತದ ಲೆಕ್ಕ ದಿನಚರಿಯಲ್ಲಿ ಬರೆದು ಮುಗಿಸಿ ಕೈ ಎತ್ತುತ್ತಿದ್ದೆ. ಅದನ್ನು ನೋಡಿ ಅವರು ಹೊರಡುತ್ತಿದ್ದರು. ಜನವರಿಯಲ್ಲಿ ಒಂದು ಇಳಿತಕ್ಕೆ ಒಂಬತ್ತು ಸಲ ಬಿದ್ದದ್ದಿದೆ. ಆಮೇಲೆ ಏಳು, ಐದು, ಮತ್ತೆ ಆರು. ಮಾರ್ಚ್ ಮಧ್ಯದಲ್ಲಿ ಎರಡಕ್ಕೆ ಬಂದು ನಿಂತಿತು.

ಮಾರ್ಚ್ ಕೊನೆಯ ಶನಿವಾರ ಗುಡ್ಡಕ್ಕೆ ದೀಪ ಹಾಕುವ ಕೊನೆಯ ರಾತ್ರಿ. ಹಿಂದಿನ ವರ್ಷ ಅದೇ ಲಿಫ್ಟಿನ ಮುಂದೆ ಅರ್ಧ ಗಂಟೆ ಸಾಲಿನಲ್ಲಿ ನಿಲ್ಲಬೇಕಿತ್ತು. ತಂತಮ್ಮ ಡಾಟ್ ಕಾಮ್ ಕಂಪನಿಗಳ ಹೆಸರು ಹೊಲಿಸಿದ ಜಾಕೆಟ್ಟು ತೊಟ್ಟ ಹುಡುಗರು ಶೇರಿನ ಮಾತಾಡುತ್ತಾ ನಿಂತಿರುತ್ತಿದ್ದರು. ಈ ಸಲ ಸಾಲೇ ಇರಲಿಲ್ಲ. ಜಾಕೆಟ್ಟುಗಳು ಕೆಲವು ಕಂಡವು, ಅವುಗಳ ಮೇಲಿನ ಕಂಪನಿಗಳು ಮುಚ್ಚಿಹೋಗಿದ್ದವು. “ನೋಡಬೇ, ಹೆಸರು ಹಂಗ ಐತಿ, ಮನಿ ಇಲ್ಲ” ಎಂದು ಆಪಾ ಪಿಸುಗುಟ್ಟಿದರು.

ಹೊತ್ತು ಮುಳುಗಿದಾಗ ಲಿಫ್ಟಿನ ಗುಡಿಸಲ ಹಿಂದೆ ಶಾಲು ಹಾಸಿ ಮಗ್ರಿಬ್ ನಮಾಜು ಮಾಡಿದರು. ನಾನು ಎರಡು ಜೊತೆ ಸ್ಕೀ ಹಿಡಿದು ನಿಂತಿದ್ದೆ. ಸ್ಕೀ ಪ್ಯಾಂಟು, ಉಣ್ಣೆ ಟೋಪಿ, ಅದರ ಕೆಳಗಿಂದ ಇಣುಕುವ ಹಸಿರು ದುಪಟ್ಟಾ. ಅವರು ಬಾಗಿದಾಗ ಹಣೆ ತಾಕಿದ ಕಡೆ ಶಾಲಿನ ಕೆಳಗೆ ಹಿಮ ಸಣ್ಣಗೆ ತಗ್ಗಾಗಿತ್ತು. ಆಗಲೇ ದೀಪಗಳು ಒಂದೊಂದಾಗಿ ಹತ್ತಿಕೊಂಡವು.

ವಸಂತದ ಹಿಮಕ್ಕೆ ಎರಡು ಜನ್ಮ. ಹಗಲೆಲ್ಲ ಬಿಸಿಲಿಗೆ ಕರಗಿ ರವೆ ಗಂಜಿಯಂತಾಗುತ್ತದೆ, ಸೂರ್ಯ ಹೋದ ಮೇಲೆ ಇದ್ದ ಆಕಾರದಲ್ಲೇ ಗಟ್ಟಿಯಾಗಿ ಗಾಜಾಗುತ್ತದೆ. ಪ್ರತಿ ಉಬ್ಬಿಗೂ ಒಂದು ಕಡೆ ಹೊಂಬಣ್ಣ, ಇನ್ನೊಂದು ಕಡೆ ನೀಲಿ ಕತ್ತಲು. ಕಂಬಗಳ ಆಚೆ ಪೈನ್ ಮರಗಳು ಇದ್ದವೋ ಇಲ್ಲವೋ ಎಂಬಂತೆ… ಸದ್ದೆಂದರೆ ಸ್ಕೀಗಳ ಕರ್‌ಕರ್ ಮಾತ್ರ.

ಮೊದಲ ಇಳಿತ: ಎರಡು. ಎರಡನೆಯದು: ಎರಡು. ಮೂರನೆಯದು: ಒಂದು.

ನಾಲ್ಕನೆಯದಕ್ಕೆ ನಾನು ಕೆಳಗೆ ಬಂದು ಕೈಗವಸು ತೆಗೆದು, ಮೂರನೆಯದರ ಲೆಕ್ಕ ಬರೆಯಲು ಹೋದರೆ ಪೆನ್ನು ಬರೆಯಲೊಲ್ಲದು. ಚಳಿಗೆ ಶಾಯಿ ಹೆಪ್ಪುಗಟ್ಟಿತ್ತು. ಉಸಿರು ಊದಿದೆ. ಕೈ ಎತ್ತಿ ಜೋರಾಗಿ ಜಾಡಿಸಿದೆ. ಮತ್ತೆ ಬಾಗಿ ಗೀಚಿದೆ, ಕಾಗದ ಹರಿಯಿತೇ ಹೊರತು ಅಕ್ಷರ ಮೂಡಲಿಲ್ಲ. ಬೆರಳ ನಡುವೆ ಉಜ್ಜಿದೆ. ಕೊನೆಗೆ ‘ಒಂದು’ ಎಂದು ಮೂಡಿತು. ಸಮಾಧಾನದಿಂದ ತಲೆ ಎತ್ತಿದರೆ ಆಪಾ ನನ್ನ ಮುಂದೆ ನಿಂತಿದ್ದರು.

ಬಾಯಿಂದ ಹೊಗೆ ಬರುತ್ತಿತ್ತು. ಕಣ್ಣಲ್ಲಿ ನೀರು. “ನೋಡಿದ್ಯೇನ? ಒಂದ ಸಲನೂ ಬೀಳಲಿಲ್ಲ! ನೋಡಿದ್ಯೇನಬೇ?”

ಆ ಒಂದು ಕ್ಷಣ ಎಷ್ಟು ಉದ್ದವಿತ್ತು ಎಂದು ನಾನು ಎಲ್ಲೂ ಬರೆದಿಟ್ಟಿಲ್ಲ. ‘ಹೂಂ’ ಎಂದಿದ್ದರೆ ಮುಗಿಯುತ್ತಿತ್ತು.

“ಇಲ್ಲ ಆಪಾ. ಬರೀತಿದ್ದೆ.”

“ಮತ್ತ ಕೈ ಎತ್ತಿದೆಲ್ಲ?”

“ಪೆನ್ನು ಜಾಡಿಸ್ತಿದ್ದೆ…”

ಅವರು ನನ್ನ ಮುಖ ನೋಡಿದರು, ಪೆನ್ನು ನೋಡಿದರು. ಆಮೇಲೆ ಹಿಮದ ಮೇಲೆ ಕುಸಿದು ಕೂತು ನಗತೊಡಗಿದರು. “ಯಾ ಅಲ್ಲಾ! ಒಂಬತ್ತು ವರ್ಷ ಆದ ಮ್ಯಾಲೆ ನಾ ಬೀಳಲಾರದ ಇಳದ್ರ, ಈಕಿ ನಾ ಬಿದ್ದದ್ದು ಬರ್ಕೋತ ಕುಂತಾಳ!”

ನಾನು ಅಳುವಂತಾಗಿದ್ದೆ. “ನೀವು ಹೇಳಿದ್ರಲ್ಲ ಆಪಾ, ಸಾಕು. ಸೊನ್ನೆ ಅಂತ ಬರೀತೀನಿ.”

ನಗು ನಿಂತಿತು. “ಲ್ಯಾಬಿನ್ಯಾಗ ಹಿಂಗ ಬರೀತೀಯೇನು? ಯಾರೂ ನೋಡಿಲ್ಲ ಅಂದ್ರ ಆಗಿಲ್ಲ ಅಂತನ. ಏಳು, ಇನ್ನೊಂದು ಲಿಫ್ಟ್ ಐತಿ.”

“ಬೇಡ ಆಪಾ, ಕಾಲು ಸುಸ್ತಾಗಿದೆ ನಿಮ್ಗೆ. ನಡುಗ್ತಿದೆ ನೋಡಿ.”

“ನಡಗವಲ್ಲದು, ಕುಣಿಯಾಕತ್ತೈತಿ. ನಡಿ.”

ಅದು ಅಂದಿನ ಕೊನೆಯ ಲಿಫ್ಟು. ಮೇಲೆ ಹೋಗುವಾಗ ಖಾಲಿ ಕುರ್ಚಿಗಳು ಎದುರಿನಿಂದ ತೂಗಾಡುತ್ತಾ ಬರುತ್ತಿದ್ದವು. ಆಪಾ ತಮ್ಮ ಎಡ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು, ಮಲಗಿದ ಮಗುವಿನ ತಲೆಯ ಮೇಲೆ ಕೈಯಿಟ್ಟಂತೆ.

ಈ ಸಲ ನಾನು ಪೆನ್ನು ಹೊರಗೆ ತೆಗೆಯಲೇ ಇಲ್ಲ. ಕೈ ಎತ್ತಿದೆ. ಮೊದಲ ಕಂಬದ ಕೆಳಗೆ ಒಂದು ಚುಕ್ಕೆ ಅಲುಗಿತು.

ಅದನ್ನು ಹೇಗೆ ಹೇಳಲಿ… ಕೆಳಗಿನಿಂದ ನೋಡಿದರೆ ಆಪಾರ ತಲೆ ಒಂದೇ ನೇರದಲ್ಲಿ, ದಾರಕ್ಕೆ ಕಟ್ಟಿದಂತೆ ಇಳಿದು ಬರುತ್ತಿತ್ತು. ಕೆಲಸವೆಲ್ಲ ಮೊಣಕಾಲುಗಳದು. ಉಬ್ಬು ಬಂದಾಗ ಎದೆಗೆ ಬಂದು, ಹಳ್ಳ ಬಂದಾಗ ಚಾಚಿ, ಮತ್ತೆ ಮಡಿಚಿ. ಕೋಲು ತಾಕುತ್ತಿತ್ತು, ತಿರುವು ಆಗಿರುತ್ತಿತ್ತು. ಒಂದು ಕಂಬದ ಬೆಳಕಿಗೆ ಬರುತ್ತಿದ್ದರು, ಕತ್ತಲಿಗೆ ಹೋಗುತ್ತಿದ್ದರು, ಇನ್ನೊಂದರ ಬೆಳಕಿಗೆ ಬರುತ್ತಿದ್ದರು. ಪ್ರತಿ ಸಲವೂ ಸ್ವಲ್ಪ ದೊಡ್ಡವರಾಗಿ, ಸ್ವಲ್ಪ ಹತ್ತಿರವಾಗಿ. ನಾಲ್ಕು, ಐದು, ಆರು. ಟೋಪಿಯಿಂದ ಕಳಚಿದ ದುಪಟ್ಟಾದ ತುದಿ ಹಿಂದೆ ತೇಲುತ್ತಿತ್ತು. ಒಂಬತ್ತು. ನಾನು ಉಸಿರಾಡುತ್ತಿದ್ದೆನೋ ಇಲ್ಲವೋ. ಹನ್ನೊಂದು. ಅವರ ಮುಖ ಕಂಡಿತು. ನಗುತ್ತಿದ್ದರು.

ಹನ್ನೊಂದನೆಯ ಕಂಬಕ್ಕೂ ಹನ್ನೆರಡನೆಯದಕ್ಕೂ ನಡುವೆ ಮೂರೇ ಉಬ್ಬುಗಳು ಬಾಕಿ ಇದ್ದವು. ಎಡಗಾಲು ಚಾಚಿದ್ದು ಮಡಿಚಲಿಲ್ಲ.

ರಕ್ಷಣಾ ತಂಡದವರು ಜಾರುಬಂಡಿ ತಂದರು. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಕಾಲಿಗೆ ಹಲಗೆ ಕಟ್ಟುತ್ತಿದ್ದಾಗ ಆಪಾ ನನ್ನನ್ನು ಹತ್ತಿರ ಕರೆದರು.

“ಈ ಸಲ ನೋಡಿದ್ಯೇನ?”

“ಪೂರ್ತಿ ನೋಡ್ದೆ ಆಪಾ.”

“ಚಂದ ಇತ್ತೇನ?”

ತಲೆಯಾಡಿಸಿದೆ.

“ಒಂದ ಬರಿ. ಅಳಬ್ಯಾಡ, ಪುಟ ತೊಯ್ತೈತಿ.”

“ಅದಕ್ಕಿಂತ ಮೊದಲಿಂದು?”

“ಅದರಾಗ ನೀ ಏನ್ ನೋಡೀ, ಅದನ್ನ ಬರಿ.”

‘ನಾಲ್ಕನೆಯ ಇಳಿತ: ನೋಡಲಿಲ್ಲ’ ಎಂದು ಬರೆದೆ.

ಮೇ ತಿಂಗಳವರೆಗೆ ಕಾಯದೆ ಏಪ್ರಿಲ್‌ನಲ್ಲೇ ಆಪರೇಷನ್ ಆಯಿತು, ಬೇಸಿಗೆಯಲ್ಲಿ ಇನ್ನೊಂದು. ಕುಂಟು ಉಳಿಯಿತು. ಆ ಗುಡ್ಡಕ್ಕೆ ಅವರು ಮತ್ತೆ ಹೋಗಲಿಲ್ಲ. ನಮ್ಮ ಲ್ಯಾಬನ್ನು ಮರುವರ್ಷ ಮುಚ್ಚಿದರು. ಆಪಾ ಕ್ಯಾಲಿಫೋರ್ನಿಯಾದಲ್ಲೇ, ಒಂದು ತಾಸು ದೂರದ ಡಬ್ಲಿನ್ ಎಂಬ ಊರಿನಲ್ಲಿದ್ದ ತಮ್ಮನ ಮನೆಗೆ ಹೋದರು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೆ. ಆಮೇಲೆ ಫೋನು… ನನ್ನ ದಿನಚರಿಗಳಲ್ಲಿ ಅದರ ಎಣಿಕೆಯೂ ಇದೆ. ಓದುವುದಿಲ್ಲ. ಪ್ರತಿ ಭೇಟಿಯಲ್ಲೂ ಒಂದೇ ಮಾತು ಗಂಟಲವರೆಗೆ ಬರುತ್ತಿತ್ತು: ಅಂದು ನಾನು ಸುಳ್ಳು ಹೇಳಿದ್ದರೆ ನೀವು ನೆಟ್ಟಗೆ ನಡೆಯುತ್ತಿದ್ದಿರಿ. ಹೇಳಲಿಲ್ಲ. ಅವರೂ ಆ ಮಾತಿಗೆ ದಾರಿ ಕೊಡಲಿಲ್ಲ.

ಹೋದ ವರ್ಷ ತೀರಿಕೊಂಡರು. ಡಬ್ಲಿನ್‌ನ ಮನೆಗೆ ಹೋದಾಗ ತಮ್ಮನ ಮಗಳು ಚಹಾ ತಂದು ಪಕ್ಕದಲ್ಲಿ ಕೂತಳು. ಅಲ್ಲೇ ಹುಟ್ಟಿ ಬೆಳೆದ ಹದಿನಾರರ ಹುಡುಗಿ, ನಾನು ಹೋಗಿ ಬರುತ್ತಿದ್ದ ಕಾಲದಲ್ಲಿ ತೀರಾ ಚಿಕ್ಕವಳು. ಆಪಾ ಅವಳಿಗೆ ಫುಫೂ, ಎಂದರೆ ಸೋದರತ್ತೆ.

“ಸ್ಕೀಯಿಂಗ್ ಆಂಟಿ ನೀವೇನಾ? ಎವೆರಿ ಈದ್ ಫುಫೂ ಆ ಸ್ಟೋರಿ ಹೇಳ್ತಿದ್ರು. ಲಾಸ್ಟ್ ಬಂಪಲ್ಲಿ ಬಿದ್ದಿದ್ದು, ನೀವು ಅತ್ತಿದ್ದು. ನಿಮ್ಮ ವಾಯ್ಸ್ ಕೂಡ ಮಾಡ್ತಿದ್ರು. ಸೋ ಫನಿ.”

“ಅದಕ್ಕಿಂತ ಮೊದಲಿನ ಇಳಿತದ್ದು ಹೇಳ್ತಿದ್ರಾ? ಬೀಳದೇ ಬಂದಿದ್ದು?”

ಹುಡುಗಿ ಲೋಟ ಕೆಳಗಿಟ್ಟಳು. “ವೇಟ್. ಬೀಳದೇ ಬಂದಿದ್ರಾ? ನೋ, ನೆವರ್ ಹೇಳಿಲ್ಲ.”

ಹನ್ನೆರಡು ವರ್ಷ, ಅಷ್ಟು ಹಬ್ಬಗಳು, ಅಷ್ಟು ನಗು. ಒಬ್ಬರ ಬಳಿಯೂ ಹೇಳಿರಲಿಲ್ಲ. ಸಾಕ್ಷಿಯಿಲ್ಲದ್ದನ್ನು ತಮ್ಮದು ಎಂದುಕೊಳ್ಳಲು ಅವರು ಒಪ್ಪಿರಲಿಲ್ಲ.

“ನೀವು ನೋಡಿದ್ರಾ?” ಎಂದು ಕೇಳಿದಳು.

“ನೋಡಿದೆ” ಎಂದೆ.

ಹೇಗಿತ್ತು ಎಂದಳು. ಮೊದಲ ಕಂಬದಿಂದ ಹೇಳತೊಡಗಿದೆ. ತಲೆ ಒಂದೇ ನೇರದಲ್ಲಿ ಇಳಿದದ್ದು, ದುಪಟ್ಟಾ ತೇಲಿದ್ದು, ಹನ್ನೊಂದನೆಯ ಕಂಬದ ಕೆಳಗೆ ಮುಖ ಕಂಡದ್ದು. ಆಮೇಲಿನ ಮೂರು ಉಬ್ಬುಗಳನ್ನೂ ಹೇಳಿದೆ, ಒಂದೊಂದಾಗಿ, ನಿಧಾನವಾಗಿ, ಆಪಾ ನನ್ನ ಮುಂದೆ ಬಂದು ನಿಲ್ಲುವವರೆಗೆ. ಹುಡುಗಿ ಕಣ್ಣೊರೆಸಿಕೊಂಡಳು. ಈಗ ಈದಿನ ದಿನ ಅವಳೇ ಈ ಕಥೆ ಹೇಳುತ್ತಾಳಂತೆ, ಬೀಳದ ಕಥೆ. ಕೇಳಿದವರಲ್ಲಿ ಯಾರಾದರೂ ಅನುಮಾನಪಟ್ಟರೆ, ಮೈಸೂರಿನ ಆಂಟಿ ಕಣ್ಣಾರೆ ನೋಡಿದ್ದಾರೆ ಎನ್ನುತ್ತಾಳಂತೆ.

ನಾನು ತಿದ್ದಿಲ್ಲ. ಆ ಸುಳ್ಳಿಗೆ ನನ್ನನ್ನು ಬೈಯಬೇಕಾಗಿದ್ದವರು ಒಬ್ಬರೇ ಇದ್ದರು.