ಗಣಪತಿ ಮುಂದೆ ಶಾರ್ಕ್ ಬೇಡವಂತೆ

ಗೆಳೆಯರೇ, ಇವತ್ತು ರಾಜಾಜಿನಗರದ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಮಕ್ಕಳ ಚಿತ್ರಸ್ಪರ್ಧೆ. ಅಳಿಯುತ್ತಿರುವ ಪ್ರಾಣಿಯೊಂದನ್ನು ಬರೆಯಬೇಕಿತ್ತು. ಪಕ್ಕದ ಮನೆಯ ಸುಮಾ ಮೈತುಂಬ ಚುಕ್ಕೆಯಿರುವ ದೊಡ್ಡ ವೇಲ್ ಶಾರ್ಕ್ ಬರೆದಳು. ಮಲ್ಪೆಯ ಅಜ್ಜಿಮನೆಗೆ ಹೋಗಿದ್ದಾಗ ಅಂಥದ್ದೊಂದು ದಡದಲ್ಲಿ ಸತ್ತುಬಿದ್ದಿದ್ದನ್ನು ಕಂಡು ಅತ್ತಿದ್ದವಳು.

ಸಂಘದ ಕಾರ್ಯದರ್ಶಿ ಚಿತ್ರ ನೋಡಿ ಮುಖ ಸಿಂಡರಿಸಿದರು. "ಗಣಪತಿ ಮುಂದೆ ಮೀನು ತಗುಲಾಕಕ್ಕಾಗುತ್ತೇನಮ್ಮ? ತಿಮಿಂಗಿಲ ಮಾಡ್ಬಿಡು. ಅದು ಸಸ್ತನಿ, ನಡೆಯುತ್ತೆ."

"ಇದೂ ತಿಮಿಂಗಿಲದ ಥರಾನೇ ನೀರು ಸೋಸಿ ತಿನ್ನುತ್ತೆ ಅಂಕಲ್. ಯಾರನ್ನೂ ಕಚ್ಚಲ್ಲ."

"ಮತ್ಸ್ಯಾವತಾರಾನೂ ಮೀನೇ ಅಲ್ವಾ ಸಾರ್?" ಎಂದೆ ನಾನು.

"ನೀವು ಸುಮ್ನಿರಿ ಸಾರ್, ಓದಿದೋರದ್ದು ಇದೇ ಗೋಳು."

ತಿಮಿಂಗಿಲದ ಬೇಟೆ ನಿಲ್ಲಿಸಲು ದೇಶದೇಶಗಳು ಸಭೆ ಸೇರಿ ಒಪ್ಪಿವೆ. ಈ ಶಾರ್ಕನ್ನು ಕೊಂದು ಅದರ ಎಣ್ಣೆಯನ್ನು ಮೊನ್ನೆಮೊನ್ನೆಯವರೆಗೂ ದೋಣಿಗೆ ಬಳಿಯುತ್ತಿದ್ದರು. ಈಗ ಕೊಲ್ಲಬಾರದೆಂಬ ಕಾನೂನಿದೆ, ಆದರೂ ಅದರ ಮಾತು ಯಾರ ಬಾಯಲ್ಲೂ ಇಲ್ಲ.

ಸುಮಾ ಮೂಗು ಒರೆಸಿಕೊಳ್ಳುತ್ತಾ ಚುಕ್ಕೆಗಳನ್ನೆಲ್ಲ ರಬ್ಬರಿನಿಂದ ಅಳಿಸಿದಳು. ತಲೆಯ ಮೇಲೊಂದು ಕಾರಂಜಿ ಬರೆದಳು. ಮೊದಲ ಬಹುಮಾನ ಬಂತು, ಸ್ಟೀಲ್ ಡಬ್ಬಿ. ಅದನ್ನು ಅವಳು ತೆರೆದೂ ನೋಡಲಿಲ್ಲ.

ಬಾಲವನ್ನು ಮಾತ್ರ ಹಾಗೇ ಬಿಟ್ಟಿದ್ದಳು. ತಿಮಿಂಗಿಲದ ಬಾಲ ಮಲಗಿರುತ್ತದೆ, ಶಾರ್ಕಿನದು ನೆಟ್ಟಗೆ ನಿಂತಿರುತ್ತದೆ. ತೀರ್ಪುಗಾರರಿಗೆ ಅದು ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಶಾರ್ಕ್ ಉಳಿದದ್ದು ಅಷ್ಟೇ.