ಅಕ್ಕನ ಕಾರಿಗೆ ಒಂದು ಪಾಯಿಂಟ್

ಅಕ್ಕ ಕಾರು ಕೊಂಡ ಸುದ್ದಿ ಬಂದಾಗ ನಾನು ಬಳ್ಳಾರಿಯಲ್ಲಿ ಒಬ್ಬ ಗಣಿ ಧಣಿಯ ಹೊಸ ಬಂಗಲೆಗೆ ವೈರಿಂಗ್ ಮಾಡುತ್ತಿದ್ದೆ. ಕಿಸೆಯಲ್ಲಿ ಫೋನು ಬಡಿದುಕೊಂಡಿತು.

"ಏಣಿ ಮ್ಯಾಲೆ ಅದೀಯೇನು? ಮೊದ್ಲು ಕೆಳಗ ಇಳಿ," ಎಂದಳು ಅಕ್ಕ.

ಇಳಿದೆ.

"ಕಾರು ತಗೊಂಡೆ ಲೇ. ಬ್ಯಾಟರಿ ಕಾರು. ಗೇರಿಲ್ಲ, ಕ್ಲಚ್ಚಿಲ್ಲ. ಬಲಗಾಲು ಒಂದಿದ್ರ ಸಾಕು."

ಅಕ್ಕನಿಗೆ ಎರಡನೇ ವಯಸ್ಸಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಎಡಗೈಯಿಂದ ಮೊಣಕಾಲು ಒತ್ತಿಕೊಂಡು ನಡೆಯುತ್ತಿದ್ದಳು. ಸಾಲಿಗೂ ಹಾಗೇ ಹೋದಳು, ಬಳ್ಳಾರಿಯ ಕಾಲೇಜಿಗೂ ಹಾಗೇ ಹೋದಳು. ಮುಂದೆ ಅದೇ ಊರಿನಲ್ಲಿ ಅದಿರು ಲಾರಿಗಳ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ತೂಕದ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಮದುವೆಯಾಗಲಿಲ್ಲ. ಗಣಿಗಾರಿಕೆಯ ಭರಾಟೆ ಶುರುವಾದ ಮೇಲೆ ಅವಳ ಪಗಾರ ಏರುತ್ತ ಹೋಯಿತು. ಆದರೆ ಬಸ್ಸಿನ ಮೆಟ್ಟಿಲು ಅಷ್ಟೇ ಎತ್ತರ ಉಳಿದಿತ್ತು. ಹಿಂದಿನಿಂದ ಜನ ನೂಕುವಾಗ ಅವಳು ಮೊದಲು ಆ ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲೆ ಇಡಬೇಕಿತ್ತು.

ಆಫೀಸಿನ ಮಾಲೀಕ ಆ ಪುಟ್ಟ ಎರಡು ಬಾಗಿಲಿನ ಕಾರನ್ನು ತನ್ನ ಮಗಳಿಗೆಂದು ತಂದಿದ್ದ. ಮಗಳಿಗೆ ಅದು ಬೇಡವಾಯಿತು. ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದನ್ನು ಅಕ್ಕ ಕೇಳಿ ಕೊಂಡಳು. ಕಲಿಸಲು ಹೋದವನು ನಾನೇ. ಖಾಲಿ ಮೈದಾನದಲ್ಲಿ ಮೊದಲ ಸಲ ಅದು ಸದ್ದಿಲ್ಲದೆ ಮುಂದೆ ಸರಿದಾಗ ಅಕ್ಕ ಬಾಯಿ ಮುಚ್ಚಿಕೊಂಡು ಅತ್ತಳು. ಮೂವತ್ತೆಂಟು ವರ್ಷದಲ್ಲಿ ಅವಳು ಎಲ್ಲಿಗೂ ತಾನೊಬ್ಬಳೇ, ತನಗೆ ಬೇಕಾದ ವೇಗದಲ್ಲಿ ಹೋಗಿರಲಿಲ್ಲ.

ಅವಳಿಗೆ ಹೋಗಬೇಕಿದ್ದುದು ಒಂದೇ ಕಡೆ, ಸಿರುಗುಪ್ಪಕ್ಕೆ. ಅಲ್ಲಿ ನಮ್ಮವ್ವ ಚಿಕ್ಕವ್ವನ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಫೋನಿನಲ್ಲಿ ಕಾರಿನ ಸುದ್ದಿ ಕೇಳಿ ಅವ್ವ, "ನನ್ನ ಅದ್ರಾಗ ಕುಂದ್ರಿಸಿ ಊರು ಒಂದು ಸುತ್ತು ಹೊಡಸು. ನನ್ನ ಮಗಳು ಏನು ಮಾಡ್ಯಾಳು ಅಂದೋರೆಲ್ಲ ನೋಡ್ಲಿ," ಎಂದಿದ್ದಳು.

ತೊಡಕು ಬ್ಯಾಟರಿಯದು. ಹೊಸದಾಗಿದ್ದಾಗ ಆ ಕಾರು ಒಂದು ಚಾರ್ಜಿಗೆ ಎಪ್ಪತ್ತು ಕಿಲೋಮೀಟರ್ ಓಡುತ್ತಿತ್ತಂತೆ. ನಿಂತು ನಿಂತು ಬ್ಯಾಟರಿ ಸೊರಗಿತ್ತು. ಬಳ್ಳಾರಿಯಿಂದ ಸಿರುಗುಪ್ಪ ಐವತ್ತರ ಮೇಲೆ. ಮುಟ್ಟಿದರೂ ಮುಟ್ಟಬಹುದು, ಮುಟ್ಟದೆಯೂ ಇರಬಹುದು. ಗಿರಣಿಯ ಲೈನ್ ಗಟ್ಟಿಯಾಗಿದ್ದುದರಿಂದ ಅವ್ವನ ಮನೆಯಲ್ಲಿ ಚಾರ್ಜಿಗೆ ತೊಂದರೆ ಇರಲಿಲ್ಲ. ನಡುವೆ ಒಂದು ಜಾಗ ಬೇಕಿತ್ತು. ಆ ಜಾಗ ಕುರುಗೋಡಿನ ನನ್ನ ಮನೆ. ಸ್ವಲ್ಪ ಸುತ್ತಾದರೂ, ಶನಿವಾರ ಸಂಜೆ ಬಂದು ನಮ್ಮಲ್ಲಿ ಉಳಿದು ರಾತ್ರಿ ಚಾರ್ಜ್ ಮಾಡಿ, ರವಿವಾರ ಮುಂಜಾನೆ ನಿಶ್ಚಿಂತೆಯಿಂದ ಅವ್ವನ ಬಳಿ ಹೋಗಬಹುದು. ಅದು ಅಕ್ಕನ ಲೆಕ್ಕಾಚಾರ.

"ನಿನ್ನ ಮನ್ಯಾಗ ಒಂದು ಪಾಯಿಂಟ್ ಹಾಕು. ಎಷ್ಟಾಗ್ತೈತಿ ಹೇಳು, ನಾನು ಕೊಡ್ತೀನಿ," ಎಂದಳು.

ನಮ್ಮದು ಹಳೆಯ ಮಣ್ಣಿನ ಗೋಡೆಯ ಮನೆ. ಕಂಬದಿಂದ ಬಂದ ವೈರು ಸಣ್ಣದು, ಮಿಕ್ಸರ್ ಹಚ್ಚಿದರೆ ಬಲ್ಬು ಮಂಕಾಗುತ್ತಿತ್ತು. ಕಾರಿಗೆ ಬೇಕಾದ ದೊಡ್ಡ ಪ್ಲಗ್ಗಿಗಾಗಿ ಕಂಬದಿಂದಲೇ ಹೊಸ ಕೇಬಲ್ ಎಳೆಯಬೇಕು, ಅಂಗಳದಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿ ಅರ್ಥಿಂಗ್ ಮಾಡಬೇಕು, ಕರೆಂಟ್ ಆಫೀಸಿಗೆ ಲೋಡ್ ಹೆಚ್ಚಿಸಲು ಅರ್ಜಿ ಕೊಟ್ಟು ಡಿಪಾಜಿಟ್ ಕಟ್ಟಬೇಕು. ಒಂದು ಹಾಳೆಯಲ್ಲಿ ಎಲ್ಲ ಬರೆದು, "ಹನ್ನೊಂದು ಸಾವಿರ ಆಗ್ತೈತಕ್ಕಾ," ಎಂದೆ. "ನೀನು ಕೊಡೋದು ಬ್ಯಾಡ. ನನ್ನ ಐಟಿಐ ಫೀ ಕಟ್ಟಿದಾಕಿ ನೀನು. ಇದನ್ನ ನಾನು ಮಾಡ್ತೀನಿ. ಸಂಕ್ರಾಂತಿಯೊಳಗ."

ನನ್ನ ಕೈಯಲ್ಲಿ ಆಗ ರೊಕ್ಕ ಇರಲಿಲ್ಲ ಎಂದು ಮುಂದೆ ಬಹಳ ವರ್ಷ ಕೇಳಿದವರಿಗೆಲ್ಲ ಹೇಳಿದ್ದೇನೆ. ಸುಳ್ಳು. ಆ ಕಾಲದಲ್ಲಿ ಬಳ್ಳಾರಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತಿದ್ದ ಯಾರಿಗೂ ಕೆಲಸದ ಕೊರತೆ ಇರಲಿಲ್ಲ. ಒಂದೊಂದು ಬಂಗಲೆಗೆ ಹತ್ತು ಏಸಿ, ಮೆಟ್ಟಿಲಿಗೊಂದು ದೀಪ. ನಾನು ಆ ವರ್ಷವೇ ಹೊಸ ಬೈಕು ಕೊಂಡೆ, ದೊಡ್ಡ ಟಿವಿ ತಂದೆ. ಹನ್ನೊಂದು ಸಾವಿರವೂ ದೊಡ್ಡದಾಗಿ ಹೇಳಿದ ಲೆಕ್ಕ. ಕೂಲಿ ನನ್ನದೇ, ಸಾಮಾನು ನನಗೆ ಅಗ್ಗಕ್ಕೆ ಸಿಗುತ್ತಿತ್ತು.

ಕಾರಣ ಬೇರೆ ಇತ್ತು. ಒಮ್ಮೆ ಅಕ್ಕ ನಾನು ಕೆಲಸ ಮಾಡುತ್ತಿದ್ದ ಬಂಗಲೆಗೆ ರೊಟ್ಟಿಯ ಡಬ್ಬಿ ಕೊಡಲು ಆ ಕಾರಿನಲ್ಲೇ ಬಂದಳು. ಗೇಟಿನಲ್ಲಿ ಮೂರು ದೊಡ್ಡ ಜೀಪುಗಳ ನಡುವೆ ಅದು ಬಂದು ನಿಂತಾಗ ಧಣಿಯ ಜೊತೆಗಿದ್ದವನೊಬ್ಬ, "ಇದಕ್ಕ ಆಟದ ಕಾರಿನಂಗ ಕೀಲಿ ತಿರುವಿ ಬಿಡ್ತಾರೋ, ಹಿಂದಿಂದ ನೂಕ್ತಾರೋ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ಗಾಜಿನೊಳಗಿನಿಂದ ನೋಡುತ್ತಿದ್ದಳು. ನಾನು ಹೋಗಿ ಡಬ್ಬಿ ತೆಗೆದುಕೊಂಡೆ. "ಬಿಸಿ ಐತಿ, ಲಗೂನ ತಿನ್ನು," ಎಂದು ಹೇಳಿ ಹೋದಳು.

ಆ ಕಾರು ನನ್ನ ಮನೆಯ ಮುಂದೆ ರಾತ್ರಿಯಿಡೀ ನಿಲ್ಲುವುದು ನನಗೆ ಬೇಕಿರಲಿಲ್ಲ. ಓಣಿಯ ಜನ ಸೇರುವುದು, ಅಕ್ಕ ಕಾಲೆತ್ತಿ ಇಳಿಯುವುದನ್ನು ನೋಡುವುದು, ಏನಾದರೂ ಅನ್ನುವುದು. ಇದನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ, ಹೆಂಡತಿಯ ಮುಂದೆಯೂ. ಅವಳು ಮಾತ್ರ ವಾರಕ್ಕೊಮ್ಮೆ ಕೇಳುತ್ತಿದ್ದಳು: "ಊರ ಮಂದಿ ಮನಿಗೆಲ್ಲ ಲೈಟ್ ಹಾಕ್ತೀರಿ. ಅಕ್ಕಾರದು ಒಂದು ಪ್ಲಗ್ ಹಾಕಾಕ ನಿಮಗ ಏನು ಧಾಡಿ?"

ಸಂಕ್ರಾಂತಿ ಹೋಯಿತು. ಅದಾಗಿ ಮೂರನೇ ಶನಿವಾರ ಅಕ್ಕ ಫೋನ್ ಮಾಡಿದಳು.

"ಪಾಯಿಂಟ್ ಆತೇನಪಾ?"

"ಕೇಬಲ್ ಬಂದಿಲ್ಲಕ್ಕಾ. ಬರೋ ವಾರ ಖರೇನ ಮಾಡ್ತೀನಿ."

"ಆತು ಬಿಡು. ಅವ್ವ ದಾರಿ ನೋಡಾಕತ್ಯಾಳ. ನಾಳೆ ಸೀದಾ ಹೋಗಿಬಿಡ್ತೀನಿ."

"ಬ್ಯಾಟರಿ ಸಾಲ್ತೈತೇನು?"

"ನೀನೇ ಹೇಳಬೇಕು ಅದನ್ನ. ನೀನು ವೈರ್‌ಮನ್."

ಸಾಲುವುದಿಲ್ಲ, ಬಸ್ಸಿಗೆ ಹೋಗು ಎಂದು ಹೇಳಬಹುದಿತ್ತು. ಹೇಳಿದರೆ ಪಾಯಿಂಟಿನ ಮಾತು ಮತ್ತೆ ಬರುತ್ತದೆ. "ಸಾಲಬೌದು. ನಿಧಾನಕ್ಕ ಹೋಗು," ಎಂದೆ.

ಮರುದಿನ ತೆಕ್ಕಲಕೋಟೆ ದಾಟಿದ ಮೇಲೆ ಕಾರು ನಿಧಾನವಾಗಿ, ಇನ್ನೂ ನಿಧಾನವಾಗಿ, ಗದ್ದೆಯ ಪಕ್ಕ ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಂತುಬಿಟ್ಟಿತು. ಆಗ ಸುಮಾರು ಹನ್ನೊಂದು ಗಂಟೆ. ಅಂಗಡಿಯ ಸಾಬರು ಒಳ್ಳೆಯ ಮನುಷ್ಯ. ಹೆಂಡತಿಯನ್ನು ಕರೆದು ನೆರಳಿಗೆ ಕುರ್ಚಿ ಹಾಕಿಸಿದರು. ಗಾಳಿ ಹಾಕುವ ಮಷೀನಿನ ಪ್ಲಗ್ ತೆಗೆದು, "ಇದಕ್ಕ ಹಚ್ಚಿರಿ ಅಕ್ಕಾ," ಎಂದರು. ಆದರೆ ಕರೆಂಟ್ ಇರಲಿಲ್ಲ. ಎರಡು ಗಂಟೆಗೆ ಬರುತ್ತದೆಂದರು.

ಅಕ್ಕ ನನಗೆ ಫೋನ್ ಮಾಡಿದ್ದಳು, ಎರಡು ಸಲ. ನಾನು ಅಂದು ಕೆಲಸದ ನಿಮಿತ್ತ ಸಿರುಗುಪ್ಪದ ಹತ್ತಿರದ ದೇಶನೂರಿನಲ್ಲಿದ್ದೆ. ಫೋನ್ ಬೈಕಿನ ಚೀಲದಲ್ಲಿತ್ತು. ಆಮೇಲೆ ಅವಳು ಅವ್ವನಿಗೆ ಫೋನ್ ಹಚ್ಚಿದಳು.

ಮುಂದಿನದನ್ನು ನನಗೆ ಹೇಳಿದ್ದು ಚಿಕ್ಕವ್ವ. ಅವ್ವ ಅಂದು ನಸುಕಿಗೆ ಎದ್ದು ತಲೆಗೆ ನೀರು ಹಾಕಿಕೊಂಡು ಹಸಿರು ಇಳಕಲ್ ಸೀರೆ ಉಟ್ಟಿದ್ದಳಂತೆ. ಶೇಂಗಾ ಹೋಳಿಗೆ ಮಾಡಿದ್ದಳು. ಗಿರಣಿಗೆ ಜೋಳ ತಂದವರನ್ನೆಲ್ಲ, "ಇವತ್ತ ಬಂದ್ ಐತಿ, ನನ್ನ ಮಗಳು ಕಾರು ತರಾಕತ್ಯಾಳ," ಎಂದು ವಾಪಸ್ ಕಳಿಸಿ, ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಎರಡು ದಿನದಿಂದ ಎದೆ ಬಿಗಿಯುತ್ತಿತ್ತು, ಅದನ್ನು ಮಕ್ಕಳಿಗೆ ತಿಳಿಸಬೇಡ ಎಂದು ಚಿಕ್ಕವ್ವನಿಂದ ಆಣೆ ಮಾಡಿಸಿಕೊಂಡಿದ್ದಳು.

ಕಾರು ನಿಂತಿದ್ದನ್ನು ಅಕ್ಕ ಹೇಳಿದಳು. "ಅವ್ವಾ, ಇಲ್ಲಿ ಭಾಯಿ ಬೈಕಿನ ಮ್ಯಾಲೆ ಬಿಡ್ತೀನಿ ಅನ್ನಾಕತ್ಯಾರ. ಬಂದುಬಿಡ್ಲೇನು? ಕಾರು ಆಮ್ಯಾಲೆ ತಂದ್ರಾತು."

"ಬ್ಯಾಡ ನನ್ನವ್ವಾ. ನೀನು ಕಾರಿನಾಗ ಬಾ. ನನಗೇನು ಅವಸರ ಐತಿ? ಕುಂತಿರ್ತೀನಿ."

ಹಾಗೇ ಕೂತಿದ್ದಳು. ಊಟಕ್ಕೆ ಕರೆದರೆ, "ಅಕಿ ಬರ್ಲಿ," ಎಂದಳು. ಎರಡಕ್ಕೆ ಬರಬೇಕಾದ ಕರೆಂಟ್ ಮೂರಕ್ಕೆ ಬಂತು. ಆ ಹೊತ್ತಿಗೆ ಅವ್ವ, "ಸ್ವಲ್ಪ ಅಡ್ಡ ಆಗ್ತೀನಿ, ಗಾಡಿ ಸಪ್ಪಳ ಆದ್ರ ಎಬ್ಬಿಸು," ಎಂದು ಒಳಗೆ ಹೋಗಿ ಮಲಗಿದಳು. ಆ ಕಾರಿಗೆ ಸಪ್ಪಳವೇ ಇಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕವ್ವ ನೀರು ಕೊಡಲು ಹೋದಾಗ ಕೈ ತಣ್ಣಗಿತ್ತು.

ಚಿಕ್ಕವ್ವ ಅಕ್ಕನಿಗೆ ಫೋನ್ ಮಾಡಲಿಲ್ಲ. ಒಬ್ಬಳೇ ಗಾಡಿ ನಡೆಸುವ ಹುಡುಗಿಗೆ ಹೇಗೆ ಹೇಳಲಿ ಎಂದು ನನಗೆ ಮಾಡಿದಳು. ಆಗ ನಾನು ಬೈಕಿನ ಹತ್ತಿರವೇ ಇದ್ದೆ, ಎತ್ತಿದೆ. ನಾನು ಕೆಲಸ ಬಿಟ್ಟು ಹೊರಟು ಬಂದಾಗ ಅಕ್ಕ ಇನ್ನೂ ಬಂದಿರಲಿಲ್ಲ. ಹೊತ್ತು ಮುಳುಗುವ ಮುಂದೆ ಆ ಬಿಳಿ ಕಾರು ಓಣಿಯ ತಿರುವಿನಲ್ಲಿ ಕಾಣಿಸಿತು. ಬಾಗಿಲಲ್ಲಿ ಸೇರಿದ್ದ ಜನ ಕಾರು ನೋಡಲು ಬಂದವರೆಂದು ಅವಳು ತಿಳಿದಳು. ನಗುತ್ತಲೇ ಎರಡು ಸಲ ಹಾರ್ನ್ ಹೊಡೆದಳು.

ಯಾರೂ ಅಲುಗಲಿಲ್ಲ. ನಾನು ಮುಂದೆ ಹೋದೆ. ನನ್ನ ಮುಖ ನೋಡಿ ಅವಳ ಕೈ ಸ್ಟೀರಿಂಗಿನಿಂದ ಜಾರಿತು. ಇಳಿಯಲಿಲ್ಲ. ಪಕ್ಕದ ಸೀಟಿನ ಮೇಲೆ ಒಂದು ಹೊಸ ಟವೆಲ್ ಮಡಚಿ ಹಾಸಿತ್ತು, ಅವ್ವನಿಗಾಗಿ. ಅಕ್ಕ ಅದನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಕಡೆಗೆ ನಾನು ಅವಳ ಕಾಲನ್ನು ಎತ್ತಿ ಹೊರಗೆ ಇಟ್ಟೆ. ಅವಳು ಬೇಡ ಅನ್ನಲಿಲ್ಲ. ಅವಳು ಬೇಡ ಅನ್ನದೆ ಇದ್ದುದು ಅದೇ ಮೊದಲು.

ಅವ್ವನ ದಿನದ ಕಾರ್ಯ ಮುಗಿದ ಮೇಲೆ ನಾನು ಕುರುಗೋಡಿಗೆ ಬಂದು ಪಾಯಿಂಟ್ ಹಾಕಿದೆ. ಕೇಬಲ್ಲು ಊರಿನಲ್ಲಿದ್ದ ನನ್ನ ಸಣ್ಣ ಎಲೆಕ್ಟ್ರಿಕ್ ಅಂಗಡಿಯಲ್ಲೇ ಸುರುಳಿ ಸುತ್ತಿ ಬಿದ್ದಿತ್ತು. ಮುಂಜಾನೆ ಗುಂಡಿ ತೋಡಲು ಶುರು ಮಾಡಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ. ಅರ್ಜಿಯ ಓಡಾಟ ಬಿಟ್ಟರೆ ಅರ್ಧ ದಿನದ ಕೆಲಸ. ಮುಗಿಸಿ ಆ ಗುಂಡಿಯ ಪಕ್ಕ ಕೂತು ನಾನು ಅತ್ತಷ್ಟು ಅವ್ವನನ್ನು ಮಣ್ಣು ಮಾಡುವಾಗಲೂ ಅತ್ತಿರಲಿಲ್ಲ. ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಎರಡು ತಿಂಗಳ ಮೇಲೆ ಅಕ್ಕ ಬಂದಳು. ಓಣಿಯ ಹುಡುಗರು ಕಾರಿನ ಸುತ್ತ ಸೇರಿದರು, ಮುದುಕರು ಕಟ್ಟೆಯಿಂದ ಎದ್ದು ಬಂದರು. ಯಾರೂ ನಗಲಿಲ್ಲ. "ನಿಮ್ಮಕ್ಕ ಭಾಳ ಗಟ್ಟಿಗಿತ್ತಿ ಬಿಡಪಾ," ಎಂದರು ಒಬ್ಬರು. ನಾನು ಹೆದರಿದ್ದು ಈ ಜನಕ್ಕೆ.

ಅಕ್ಕ ಗೋಡೆಯ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. "ಚಂದ ಮಾಡಿದಿ," ಎಂದಳು. ಪ್ಲಗ್ ಸಿಕ್ಕಿಸಿ ಕಟ್ಟೆಯ ಮೇಲೆ ಕೂತು, "ಎಷ್ಟು ಬಿತ್ತು?" ಎಂದು ಕೇಳಿದಳು.

ನಾನು ಎಲ್ಲವನ್ನೂ ಹೇಳಿದೆ. ಕೇಬಲ್ ಇದ್ದದ್ದು, ರೊಕ್ಕ ಇದ್ದದ್ದು, ನಾಚಿಕೆ ಪಟ್ಟದ್ದು. ಅವಳು ತಲೆ ತಗ್ಗಿಸಿ ಕೇಳಿದಳು.

"ಗೊತ್ತಿತ್ತು," ಎಂದಳು. "ನಿನ್ನ ಮ್ಯಾಲೆ ಸಿಟ್ಟಿಲ್ಲ ಅಂದ್ರ ಸುಳ್ಳಾಗ್ತೈತಿ. ಐತಿ. ಅದು ಹೋಗೂದಿಲ್ಲ ಅಂತ ಕಾಣ್ತೈತಿ. ಅದ್ರ ಸಲುವಾಗಿ ನಿನ್ನ ಮನಿಗೆ ಬರೂದು ಬಿಟ್ರ ನನಗೆ ಮತ್ತ ಯಾರದಾರ?"

ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು. ಅಕ್ಕ ಕಣ್ಣೊರೆಸಿಕೊಂಡು ಎದ್ದಳು.

ಮುಂದೆ ಒಂದೆರಡು ವರ್ಷ ತಿಂಗಳಿಗೊಮ್ಮೆ ಬಂದಳು. ಸಿರುಗುಪ್ಪಕ್ಕೆ ಮಾತ್ರ ಆ ಕಾರಿನಲ್ಲಿ ಮತ್ತೆ ಹೋಗಲಿಲ್ಲ. ಗಣಿಗಳು ನಿಂತಾಗ ಅವಳ ಆಫೀಸೂ ಮುಚ್ಚಿತು. ಬ್ಯಾಟರಿ ಸತ್ತುಹೋಯಿತು. ಹೊಸ ಬ್ಯಾಟರಿಯ ಬೆಲೆ ಕಾರಿನ ಬೆಲೆಗಿಂತ ಹೆಚ್ಚಿತ್ತು. ನಾನು ಕೊಡಿಸುತ್ತೇನೆ ಎಂದೆ. "ಸಾಕು ಬಿಡು," ಎಂದಳು. ಗುಜರಿಯವನು ಬಂದು ಅದನ್ನು ಟೆಂಪೋಗೆ ಏರಿಸುವಾಗ ನಾವಿಬ್ಬರೂ ಅಲ್ಲೇ ಇದ್ದೆವು. ಹಗ್ಗ ಬಿಗಿಯುವಾಗ ಅಕ್ಕ, "ಸಾವಕಾಶ, ಬಾಗಿಲಿಗೆ ಗೀರು ಬೀಳ್ತೈತಿ," ಎಂದಳು. ಅವನು ಆಶ್ಚರ್ಯದಿಂದ ತಿರುಗಿ ನೋಡಿದ. ನಾನು ಅವನ ಕೈಯಿಂದ ಹಗ್ಗ ಇಸಕೊಂಡು, ಅವಳು ಹೇಳಿದ ಹಾಗೆ, ಬಾಗಿಲಿಗೆ ತಾಗದಂತೆ ನಾನೇ ಕಟ್ಟಿದೆ.