ಹಳದಿ ಗೆರೆಯ ಈಚೆ

ಇವತ್ತಿಗೂ ಆ ಪಾಲಿಟೆಕ್ನಿಕ್ಕಿನ ಮುಂದೆ ಬಸ್ಸು ಹಾದರೆ ನನಗೆ ಮೈ ಉರಿಯುತ್ತೆ. ನಾನು ವಿಮಾನಪುರದ ಹತ್ತಿರ ಒಂದು ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನದ ಟೀಚರು. ನಮ್ಮ ಶಾಲೆಗೂ ಅವರಿಗೂ ಒಂದು ಒಪ್ಪಂದ ಆಯ್ತು. ಪ್ರತಿ ಶನಿವಾರ ನಮ್ಮ ಹತ್ತನೇ ಕ್ಲಾಸಿನ ಮಕ್ಕಳು ಅವರ ವರ್ಕ್‌ಶಾಪಿಗೆ ಹೋಗಿ ಕಬ್ಬಿಣ ಕಡೆಯೋ ಲೇತ್ ಮೆಷೀನಿನ ಕೆಲಸ ಕಲೀಬೇಕು. ವರ್ಷದ ಕೊನೆಗೆ ಪ್ರಾಕ್ಟಿಕಲ್ ಪಾಸಾದವರಿಗೆ ಅಲ್ಲೇ ಡಿಪ್ಲೊಮಾ ಸೀಟು. ಮಕ್ಕಳನ್ನ ಕರಕೊಂಡು ಹೋಗೋ ಕೆಲಸ ನನ್ನ ತಲೆಗೆ ಬಂತು.

ಮೊದಲ ದಿನ ಹಾರ, ಭಾಷಣ, ಬ್ಯಾನರು, ಫೋಟೋ ಎಲ್ಲ ಆಯ್ತು. ಆಮೇಲೆ ವರ್ಕ್‌ಶಾಪಿನ ಮೇಷ್ಟ್ರು ನೆಲದ ಮೇಲಿನ ಹಳದಿ ಗೆರೆ ತೋರಿಸಿ, "ಮೇಡಂ, ಇದನ್ನ ದಾಟಬಾರದು. ದುಬಾರಿ ಮೆಷೀನು, ಕೆಟ್ಟರೆ ಯಾರು ಜವಾಬ್ದಾರಿ?" ಅಂದರು. ಇಡೀ ವರ್ಷ ನಡೆದದ್ದು ಅಷ್ಟೆ. ಮಕ್ಕಳು ಈಚೆ ಕೈ ಹಿಂದೆ ಕಟ್ಟಿ ನಿಲ್ಲೋದು, ಅವರು ಆಚೆಯಿಂದ ಬೆರಳು ತೋರಿಸಿ ಭಾಗಗಳ ಹೆಸರು ಹೇಳೋದು. ಆಯುಧಪೂಜೆಗೆ ಇಟ್ಟ ಕುಂಕುಮ ಸಂಕ್ರಾಂತಿ ಕಳೆದರೂ ಆ ಮೆಷೀನಿನ ಮೇಲೆ ಅಳಿಸಿಹೋಗಿರಲಿಲ್ಲ. ಈಜು ಕಲಿಸ್ತೀನಿ ಅಂತ ಕೆರೆ ದಡದಲ್ಲಿ ಕೂರಿಸಿದ ಹಾಗೆ.

ನಮ್ಮ ಕ್ಲಾಸಲ್ಲಿ ಒಬ್ಬಳು ಹುಡುಗಿ ಇದ್ದಳು. ಕಲಬುರಗಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು. ಅಪ್ಪ ಸೆಂಟ್ರಿಂಗ್ ಕೆಲಸ, ಅಮ್ಮ ಇಂದಿರಾನಗರದಲ್ಲಿ ಮನೆಗೆಲಸ. "ಸೀಟ್ ಸಿಕ್ರ ಓದ್ಲಿ, ಇಲ್ಲಾಂದ್ರ ಅವ್ವನ ಜೋಡಿ ಕೆಲಸಕ್ಕ ಹೋಗ್ಲಿ" ಅಂತ ಅಪ್ಪ ನನ್ನೆದುರೇ ಹೇಳಿದ್ದ. ಅವಳೋ, ಲೇತಿನ ಒಂದೊಂದು ಭಾಗವನ್ನೂ ಪುಸ್ತಕ ನೋಡದೆ ಬರೆದು ತೋರಿಸೋಳು. ಇವಳಿಗೆ ಸೀಟು ಗ್ಯಾರಂಟಿ ಅಂತ ನಾನು ಬೀಗಿದ್ದೇ ಬೀಗಿದ್ದು.

ಪ್ರಾಕ್ಟಿಕಲ್ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವಳ ಕೈಗೆ ಒಂದು ಕಬ್ಬಿಣದ ಸಲಾಕೆ ಕೊಟ್ಟು, "ಇದರ ತುದಿ ಸಮ ಮಾಡಮ್ಮ" ಅಂದರು. ಹುಡುಗಿ ಹೋಗಿ ಆ ಹಳದಿ ಗೆರೆ ಹತ್ತಿರ ನಿಂತುಬಿಟ್ಟಳು. ಸಲಾಕೆ ಹಿಡಿದ ಕೈ ಬೆನ್ನ ಹಿಂದೆ. ಅವರು ಇನ್ನೆರಡು ಸಲ ಹೇಳಿದರು, ಗಡಿಯಾರ ನೋಡಿದರು, "ಮೆಷೀನ್ ಆನ್ ಮಾಡಲಿಲ್ಲ" ಅಂತ ಬರೆದು ಮುಂದಿನವರನ್ನ ಕರೆದರು. ಅವಳಾದ ಮೇಲೆ ಬಂದ ಇಬ್ಬರು ಹುಡುಗರು ಭಂಡಧೈರ್ಯ ಮಾಡಿ ಸ್ವಿಚ್ ಒತ್ತಿ ಹೇಗೋ ಪಾಸಾದರು.

ನಾನು ನೆಟ್ಟಗೆ ಪ್ರಿನ್ಸಿಪಾಲರ ರೂಮಿಗೆ ನುಗ್ಗಿದೆ. "ಏನ್ ಸಾರ್, ವರ್ಷವೆಲ್ಲ ಮುಟ್ಟಕ್ಕೇ ಬಿಡದೆ, ಈಗ ಮುಟ್ಟಲಿಲ್ಲ ಅಂತ ಫೇಲ್ ಮಾಡ್ತೀರಾ? ನಾಚಿಕೆ ಆಗಲ್ವಾ?" ಅಂದೆ. ಅವರು ಕಾಫಿ ಲೋಟ ಕೂಡ ಕೆಳಗಿಡಲಿಲ್ಲ. "ಮುಂದಿನ ವರ್ಷ ನೋಡೋಣ ಮೇಡಂ, ಒಪ್ಪಂದ ಇನ್ನೂ ಇದೆಯಲ್ಲ" ಅಂದರು. ಮುಂದಿನ ವರ್ಷ ಅಂತೆ. ಇವಳಿಗೆ ಯಾವ ಮುಂದಿನ ವರ್ಷ ರೀ?

ಹೊರಗೆ ಬಂದರೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಸಿಟ್ಟು ಇಳಿದಿರಲಿಲ್ಲ, ಅವಳ ಮೇಲೇ ತಿರುಗಿತು. "ಎಲ್ಲಾ ಗೊತ್ತಿತ್ತಲ್ಲೇ, ಸ್ವಿಚ್ ಹಾಕಕ್ಕೆ ಏನು ದಾಡಿ ಬಂದಿತ್ತು ನಿನಗೆ?"

"ಯಾರರೆ ಮುಟ್ಟಿದ್ರ ಕಾಲೇಜಿನವ್ರು ನಮ್ ಸಾಲಿನೇ ಒಪ್ಪಂದದಾಗಿಂದ ತೆಗದಾಕ್ತಾರ ಅಂತ ನೀವ ಹೇಳಿದ್ರಲ್ರೀ ಟೀಚರ್," ಅಂದಳು. "ನನ್ ತಂಗಿ ಬರೋ ವರ್ಷ ಹತ್ತನೇ ಕ್ಲಾಸಿಗಿ ಬರ್ತಾಳ್ರಿ. ಅಕಿ ಸೀಟೂ ಹೋಗ್ತದಂತ ಮುಟ್ಟಲಿಲ್ರಿ."

ಹೌದು, ನಾನೇ ಹೇಳಿದ್ದೆ. ಪ್ರತಿ ಶನಿವಾರ, ಬಸ್ಸಿಂದ ಇಳಿಯೋ ಮುಂಚೆ.